ಫೋಲ್ಡರ್‌ಗೆ ಫೈಲ್ ಬಿದ್ದರೆ ಡೇಟಾಬೇಸ್‌ನಲ್ಲಿ ತಾನಾಗಿ ಎಂಟ್ರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಸಣ್ಣ ಆಫೀಸು, ವರ್ಕ್‌ಶಾಪು, ಲ್ಯಾಬುಗಳಿಗೆ ಈ ಕೆಲಸ ಮಾಡಿಕೊಡುತ್ತಾ ಬಂದಿದ್ದೇನೆ. ಫೋನಿನಲ್ಲಿ, ಪತ್ರದಲ್ಲಿ, ಕೆಲವು ಸಲ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತಾ ನಿಂತಾಗಲೂ ಜನ ಕೇಳಿದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿಕೊಂಡು ಬನ್ನಿ. ಈಗಾಗಲೇ ಓಡಿಸುತ್ತಾ ತಲೆ ಕೆಡಿಸಿಕೊಂಡಿರುವವರು ಮೂರನೇ ಭಾಗಕ್ಕೆ ನೇರವಾಗಿ ಹೋಗಿ.

## ಶುರು ಮಾಡುವ ಮುಂಚೆ

ಸರ್, ‘ಫೈಲ್ ಹಾಕಿದ್ರೆ ತಾನೇ ಎಂಟ್ರಿ ಆಗುತ್ತೆ’ ಅಂತಾರಲ್ಲ, ಒಳಗೆ ನಡೆಯೋದೇನು?

ಪೀಣ್ಯದ ಒಂದು ಮಷೀನ್ ಶಾಪ್ ನೆನೆಸಿಕೊಳ್ಳಿ. ಅಳತೆ ನೋಡುವ ಮಷೀನು ಪ್ರತಿ ಪಾರ್ಟ್‌ಗೂ ಒಂದು ಪಿಡಿಎಫ್ ರಿಪೋರ್ಟ್ ಕೊಡುತ್ತದೆ. ಅದು ಸರ್ವರಿನ ಒಂದು ಫೋಲ್ಡರ್‌ಗೆ ಬೀಳುತ್ತದೆ. ಕ್ವಾಲಿಟಿ ವಿಭಾಗದ ಹುಡುಗ ಸಂಜೆ ಆ ಫೋಲ್ಡರ್ ತೆರೆದು, ಒಂದೊಂದೇ ಫೈಲಿನ ಹೆಸರು, ಪಾರ್ಟ್ ನಂಬರ್, ತಾರೀಖು ನೋಡಿ ರಿಜಿಸ್ಟರಿಗೆ ಟೈಪ್ ಮಾಡುತ್ತಾನೆ. ಈ ಟೈಪ್ ಮಾಡುವ ಕೆಲಸವನ್ನು ಒಂದು ಸಣ್ಣ ಪ್ರೋಗ್ರಾಮಿಗೆ ಒಪ್ಪಿಸುವುದು, ಅಷ್ಟೇ. ಅದು ಫೋಲ್ಡರ್ ಕಾಯುತ್ತಾ ಕೂತಿರುತ್ತದೆ. ಹೊಸ ಫೈಲ್ ಕಂಡರೆ ಅದರ ಹೆಸರು, ಸೈಜು, ಸಮಯ, ಇರುವ ಜಾಗ ಎಲ್ಲ ಎತ್ತಿಕೊಂಡು ಡೇಟಾಬೇಸ್ ಟೇಬಲ್‌ಗೆ ಒಂದು ಸಾಲು ಸೇರಿಸುತ್ತದೆ.

ಒಂದು ಮಾತನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ. ‘ಫೈಲ್ ಬಂತು’ ಅಂತ ಆಪರೇಟಿಂಗ್ ಸಿಸ್ಟಂ ಕೊಡುವುದು ಬರೀ ಸುದ್ದಿ. ಅದು ಅವಸರದಲ್ಲಿ ಬರಬಹುದು, ಎರಡು ಸಲ ಬರಬಹುದು, ಬಾರದೇ ಇರಲೂಬಹುದು. ಫೋಲ್ಡರ್‌ನಲ್ಲಿ ನಿಜವಾಗಿ ಏನು ಕೂತಿದೆಯೋ ಅದನ್ನೇ ನಂಬಬೇಕು. ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ಈ ಒಂದು ಮಾತಿನಿಂದಲೇ ಹುಟ್ಟಿದವು.

ನಮ್ಮಲ್ಲಿ ದಿನಕ್ಕೆ ಬರೋದೇ ಇಪ್ಪತ್ತು ಫೈಲು. ಇಷ್ಟೆಲ್ಲ ಬೇಕಾ?

ಎಷ್ಟು ಫೈಲ್ ಬರುತ್ತದೆ ಅನ್ನುವುದಕ್ಕಿಂತ, ಒಂದು ಫೈಲ್ ಎಂಟ್ರಿ ಆಗದೇ ಹೋದರೆ ನಿಮಗೆ ಏನಾಗುತ್ತದೆ ಅಂತ ನೋಡಿ. ಮೂರು ವರ್ಷ ಆದಮೇಲೆ ಗ್ರಾಹಕ ಫೋನ್ ಮಾಡಿ ‘ಆ ಬ್ಯಾಚಿನ ರಿಪೋರ್ಟ್ ಕಳಿಸಿ’ ಅನ್ನುತ್ತಾನೆ ಅಂದರೆ, ದಿನಕ್ಕೆ ಐದೇ ಫೈಲಾದರೂ ಮಾಡಿಸಿಕೊಳ್ಳುವುದು ಒಳ್ಳೆಯದು. ಬಂದ ಫೈಲನ್ನು ಅವತ್ತೇ ನೋಡಿ ಮರೆತುಬಿಡುತ್ತೀರಿ ಅಂದರೆ ಸುಮ್ನೆ ಖರ್ಚು ಮಾಡಬೇಡಿ. ತಿಂಗಳಿಗೊಂದು ಫೋಲ್ಡರ್ ಮಾಡಿಕೊಂಡು ಹೆಸರು ಸರಿಯಾಗಿ ಇಟ್ಟರೆ ಸಾಕು.

ಪ್ರೋಗ್ರಾಮಿಂಗ್ ಬರಲ್ಲ ನನಗೆ. ಆದ್ರೂ ಮಾಡ್ಕೋಬಹುದಾ?

ಒಂದು ಮಟ್ಟದವರೆಗೆ ಖಂಡಿತ. ಆಫೀಸಿನಲ್ಲಿ ಮೈಕ್ರೋಸಾಫ್ಟ್ ಖಾತೆ ಇದ್ದರೆ ಪವರ್ ಆಟೊಮೇಟ್ ನೋಡಿ. ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್ ಫೋಲ್ಡರ್‌ಗೆ ಫೈಲ್ ಬಂದಾಗ ಒಂದು ಪಟ್ಟಿಗೆ ಸಾಲು ಸೇರಿಸು ಅಂತ ಮೌಸಿನಲ್ಲೇ ಹೇಳಬಹುದು, ಕೋಡ್ ಬೇಕಿಲ್ಲ.

ಗೂಗಲ್ ಡ್ರೈವ್ ಬಳಸುವವರು ಆಪ್ಸ್ ಸ್ಕ್ರಿಪ್ಟ್ (ಗೂಗಲ್‌ನಲ್ಲೇ ಸಣ್ಣ ಕೋಡ್ ಬರೆದು ಓಡಿಸುವ ವ್ಯವಸ್ಥೆ) ಹಿಡಿಯುತ್ತಾರೆ. ಅಲ್ಲಿ ಒಂದು ವಿಷಯ ಮೊದಲೇ ಗೊತ್ತಿರಲಿ: ‘ಈ ಫೋಲ್ಡರ್‌ಗೆ ಫೈಲ್ ಬಿದ್ದಾಗ ಓಡು’ ಅನ್ನುವ ಟ್ರಿಗರ್ ಆಪ್ಸ್ ಸ್ಕ್ರಿಪ್ಟ್‌ನಲ್ಲಿ ಇಲ್ಲ. ಐದು ನಿಮಿಷಕ್ಕೋ ಹತ್ತು ನಿಮಿಷಕ್ಕೋ ಒಮ್ಮೆ ತಾನೇ ಎದ್ದು ಫೋಲ್ಡರ್ ನೋಡುವ ಹಾಗೆ ಇಡಬೇಕು. ಒಂದು ಸಲ ಓಡಿದರೆ 6 ನಿಮಿಷದ ಮಿತಿ, ಅಷ್ಟರೊಳಗೆ ಮುಗಿಯದಿದ್ದರೆ ಮಧ್ಯದಲ್ಲೇ ನಿಲ್ಲಿಸಿಬಿಡುತ್ತದೆ. ಇನ್ನೊಂದು, ಡ್ರೈವ್‌ನಲ್ಲಿ ಒಂದೇ ಫೋಲ್ಡರ್‌ನಲ್ಲಿ ಒಂದೇ ಹೆಸರಿನ ಎರಡು ಫೈಲ್ ಇರಬಹುದು. ಹಾಗಾಗಿ ಗುರುತಿಗೆ ಹೆಸರನ್ನು ಇಟ್ಟುಕೊಳ್ಳದೆ, ಪ್ರತಿ ಫೈಲ್‌ಗೂ ಡ್ರೈವ್ ಕೊಡುವ ಐಡಿಯನ್ನೇ ಇಟ್ಟುಕೊಳ್ಳಿ.

ಎಕ್ಸೆಲ್ ಸಾಕಲ್ವಾ? ಡೇಟಾಬೇಸೇ ಯಾಕೆ?

ನೋಡುವುದಕ್ಕೆ ಎಕ್ಸೆಲ್ ಚೆನ್ನ. ಪ್ರೋಗ್ರಾಂ ಬರೆಯುವ ಜಾಗಕ್ಕೆ ಅದು ಸರಿಹೋಗಲ್ಲ. ಅಕೌಂಟೆಂಟ್ ಮೇಡಂ ಫೈಲ್ ತೆರೆದು ಊಟಕ್ಕೆ ಹೋದರೆ ಅಷ್ಟು ಹೊತ್ತು ಲಾಕ್ ಆಗಿರುತ್ತದೆ, ಆಗ ಬಂದ ಎಂಟ್ರಿಗಳು ಒಳಗೆ ಹೋಗುವುದಿಲ್ಲ. ‘ಈ ಸಾಲು ಆಗಲೇ ಇದೆ, ಮತ್ತೆ ಸೇರಿಸಬೇಡ’ ಅಂತ ತಡೆಯುವ ಶಕ್ತಿಯೂ ಅದಕ್ಕಿಲ್ಲ. ಈ ಕೆಲಸದಲ್ಲಿ ಆ ತಡೆಯೇ ಪ್ರಾಣ.

ಒಂದೇ ಕಂಪ್ಯೂಟರಿನಲ್ಲಿ ಎಲ್ಲ ನಡೆಯುತ್ತದೆ ಅಂದರೆ ಎಸ್‌ಕ್ಯೂಲೈಟ್ ಹಾಕಿ. ಸರ್ವರ್ ಬೇಡ, ಇನ್‌ಸ್ಟಾಲ್ ಬೇಡ, ಇಡೀ ಡೇಟಾಬೇಸ್ ಒಂದೇ ಫೈಲು. ಒಂದು ಸಲಕ್ಕೆ ಒಬ್ಬರೇ ಬರೆಯಬಹುದು ಅನ್ನುವ ಮಿತಿ ಇದೆ, ನಿಮ್ಮ ಪ್ರೋಗ್ರಾಂ ಒಂದೇ ಆದ್ದರಿಂದ ಅದು ತೊಂದರೆ ಕೊಡಲ್ಲ. ನಾಲ್ಕಾರು ಜನ, ಎರಡು ಮೂರು ಕಂಪ್ಯೂಟರ್ ಅಂತಾದರೆ ಪೋಸ್ಟ್‌ಗ್ರೆಸ್ ಅನ್ನುವ ಡೇಟಾಬೇಸ್ ಸರ್ವರ್. ಮೈಎಸ್‌ಕ್ಯೂಎಲ್ ಆಗಲೇ ಆಫೀಸಿನಲ್ಲಿ ಇದ್ದರೆ ಅದೇ ಆಗುತ್ತದೆ, ಬದಲಾಯಿಸಲು ಹೋಗಬೇಡಿ.

ಫೈಲನ್ನೇ ಡೇಟಾಬೇಸ್ ಒಳಗೆ ಹಾಕಿಬಿಡಲಾ?

ಬೇಡ. ಫೈಲ್ ಫೋಲ್ಡರ್‌ನಲ್ಲೇ ಇರಲಿ, ಟೇಬಲ್‌ನಲ್ಲಿ ಅದು ಇರುವ ಜಾಗ ಮಾತ್ರ ಬರೆಯಿರಿ. ಇಲ್ಲದಿದ್ದರೆ ಬ್ಯಾಕಪ್ ದಿನದಿನಕ್ಕೆ ಊದುತ್ತದೆ. ಪುಟ್ಟ ಪುಟ್ಟ ಥಂಬ್‌ನೇಲ್ ಚಿತ್ರಗಳಾದರೆ ಒಳಗೇ ಇಡಬಹುದು. ಹತ್ತಾರು ಕೆಬಿ ಗಾತ್ರದ ಚಿತ್ರಗಳನ್ನು ಎಸ್‌ಕ್ಯೂಲೈಟ್ ಫೋಲ್ಡರ್‌ಗಿಂತ ಬೇಗ ತೆಗೆದುಕೊಡುತ್ತದೆ.

## ಕಟ್ಟುವಾಗ

ಫೋಲ್ಡರ್ ಮೇಲೆ ಕಣ್ಣಿಡೋದು ಹೇಗೆ? ಪ್ರತಿ ಸೆಕೆಂಡ್ ನೋಡ್ತಾ ಇರಬೇಕಾ?

ದಾರಿ ಎರಡು. ಒಂದು, ಆಪರೇಟಿಂಗ್ ಸಿಸ್ಟಮ್ಮಿಗೇ ‘ಏನಾದರೂ ಬಂದರೆ ಹೇಳು’ ಅಂತ ಹೇಳಿ ಕೂರುವುದು. ಲಿನಕ್ಸ್‌ನಲ್ಲಿ ಇದಕ್ಕೆ ಇನೋಟಿಫೈ ಇದೆ, 2005ರಲ್ಲಿ ಬಂದ 2.6.13 ಕರ್ನಲ್‌ನಿಂದ (ಕರ್ನಲ್ ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳು) ಸಿಗುತ್ತಿದೆ. ಮ್ಯಾಕ್‌ನಲ್ಲಿ ಎಫ್ಎಸ್‌ಇವೆಂಟ್ಸ್ ಇದೆ. ವಿಂಡೋಸ್‌ಗೂ ತನ್ನದೇ ವ್ಯವಸ್ಥೆ ಇದೆ, ಮೈಕ್ರೋಸಾಫ್ಟ್‌ನ ಡಾಟ್‌ನೆಟ್‌ನಲ್ಲಿ ಪ್ರೋಗ್ರಾಂ ಬರೆಯುವವರು ಅದನ್ನು ಫೈಲ್‌ಸಿಸ್ಟಂವಾಚರ್ ಹೆಸರಲ್ಲಿ ಬಳಸುತ್ತಾರೆ. ಪೈಥಾನ್ ಬರುವವರಿಗೆ ವಾಚ್‌ಡಾಗ್ ಲೈಬ್ರರಿ ಮೂರನ್ನೂ ಒಂದೇ ರೀತಿ ಕಾಣುವ ಹಾಗೆ ಮಾಡಿಕೊಡುತ್ತದೆ. ನಾನು ಹೆಚ್ಚಾಗಿ ಅದನ್ನೇ ಹಾಕುತ್ತೇನೆ.

ಎರಡನೆಯದು, ನಿಮಿಷಕ್ಕೊಮ್ಮೆ ಹೋಗಿ ಫೋಲ್ಡರ್ ತೆರೆದು ಪಟ್ಟಿ ನೋಡುವುದು. ಕೇಳಲು ದಡ್ಡ ದಾರಿ ಅನ್ನಿಸುತ್ತದೆ. ಆದರೆ ಕೆಲವೇ ಸಾವಿರ ಫೈಲ್ ಇರುವ ಕಡೆ ಇದಕ್ಕಿಂತ ಭರವಸೆಯ ದಾರಿ ನಾನು ಕಂಡಿಲ್ಲ. ಸೆಕೆಂಡಿನೊಳಗೆ ಎಂಟ್ರಿ ಬೇಕೇ ಬೇಕು ಅನ್ನುವ ಒತ್ತಡ ಇಲ್ಲದಿದ್ದರೆ ಇದರಿಂದಲೇ ಶುರು ಮಾಡಿ.

ಫೈಲ್ ಇನ್ನೂ ಪೂರ್ತಿ ಬಂದೇ ಇರಲ್ಲ, ಅಷ್ಟರಲ್ಲಿ ಎಂಟ್ರಿ ಆಗಿಬಿಡುತ್ತೆ. ಸೈಜ್ ನೋಡಿದ್ರೆ ಸೊನ್ನೆ. ಏನ್ ಮಾಡೋದು?

ಎಲ್ಲರೂ ಮೊದಲು ಎಡವುವುದು ಇಲ್ಲೇ. ಹಾಗಾಗಿ ಸ್ವಲ್ಪ ಉದ್ದ ಹೇಳುತ್ತೇನೆ.

ಬಸವನಗುಡಿಯ ಕಡೆ ಒಂದು ಆಡಿಟರ್ ಆಫೀಸಿಗೆ ಇದನ್ನು ಮಾಡಿಕೊಟ್ಟಿದ್ದೆ. ಸ್ಕ್ಯಾನರ್‌ಗೆ ನಲವತ್ತು ಹಾಳೆಯ ಕಟ್ಟು ಹಾಕಿದರೆ, ಮೊದಲ ಹಾಳೆ ಒಳಗೆ ಹೋಗುವ ಮುಂಚೆಯೇ ಫೋಲ್ಡರ್‌ನಲ್ಲಿ ಪಿಡಿಎಫ್ ಹೆಸರು ಕಾಣಿಸಿಕೊಳ್ಳುತ್ತಿತ್ತು. ಸೈಜು ಸೊನ್ನೆ. ಆಮೇಲೆ ಹಾಳೆ ಹಾಳೆಗೂ ಬೆಳೆಯುತ್ತಾ, ಎರಡು ನಿಮಿಷ ಬಿಟ್ಟು ಮುಗಿಯುತ್ತಿತ್ತು. ನನ್ನ ಪ್ರೋಗ್ರಾಂ ಹೆಸರು ಕಂಡ ಕ್ಷಣಕ್ಕೇ ತೆರೆದು, ಪುಟ ಎಣಿಸಲು ಹೋಗಿ, ‘ಫೈಲ್ ಕೆಟ್ಟಿದೆ’ ಅಂತ ಬರೆದಿಡುತ್ತಿತ್ತು. ಫೈಲ್ ಕೆಟ್ಟಿರಲಿಲ್ಲ, ಇನ್ನೂ ಹುಟ್ಟುತ್ತಿತ್ತು.

ಇದಕ್ಕೆ ಮೂರು ಮದ್ದಿವೆ. ಒಂದನೆಯದು ಲಿನಕ್ಸ್‌ನಲ್ಲಿ ಮಾತ್ರ: ‘ಫೈಲ್ ಹುಟ್ಟಿತು’ ಅನ್ನುವ ಸುದ್ದಿಗೆ ಕಾಯಬೇಡಿ, ‘ಬರೆಯಲು ತೆರೆದಿದ್ದವರು ಮುಚ್ಚಿದರು’ ಅನ್ನುವ ಸುದ್ದಿಗೆ ಕಾಯಿರಿ. ಇನೋಟಿಫೈಯಲ್ಲಿ ಅದನ್ನು ಕ್ಲೋಸ್ ರೈಟ್ ಅನ್ನುತ್ತಾರೆ. ಕೆಲವು ಸಾಫ್ಟ್‌ವೇರ್ ಮುಚ್ಚಿ ಮತ್ತೆ ತೆರೆದು ಬರೆಯುತ್ತವೆ, ಅದಕ್ಕೆ ಇದೊಂದೇ ಸಾಲದು. ಎರಡನೆಯದು, ಸೈಜನ್ನು ಕೆಲವು ಸೆಕೆಂಡ್ ಬಿಟ್ಟು ಬಿಟ್ಟು ನೋಡಿ, ಬದಲಾಗದೆ ನಿಂತಮೇಲೆ ಮುಟ್ಟುವುದು. ಆ ಸ್ಕ್ಯಾನರ್ ಎರಡು ಹಾಳೆ ಮಧ್ಯೆ ಮೂರು ಸೆಕೆಂಡ್ ತೆಗೆದುಕೊಳ್ಳುತ್ತಿತ್ತು, ಹಾಗಾಗಿ ನಾನು ಹದಿನೈದು ಸೆಕೆಂಡ್ ಇಟ್ಟೆ. ನಿಮ್ಮ ಮಷೀನಿನ ಪಕ್ಕ ನಿಂತು ಗಡಿಯಾರ ನೋಡಿ ನಿಮ್ಮ ಲೆಕ್ಕ ಹಾಕಿಕೊಳ್ಳಿ.

ಮೂರನೆಯದೇ ಸರಿಯಾದದ್ದು. ಫೈಲ್ ಕಳಿಸುವ ಕಡೆ ನಿಮ್ಮ ಕೈಯಲ್ಲಿದ್ದರೆ, ಮೊದಲು ಬೇರೊಂದು ಹೆಸರಿನಲ್ಲಿ ಅಥವಾ ಪಕ್ಕದ ಫೋಲ್ಡರ್‌ನಲ್ಲಿ ಪೂರ್ತಿ ಬರೆದು, ಮುಗಿದಮೇಲೆ ಹೆಸರು ಬದಲಿಸಿ ಒಳಗೆ ತರಲು ಹೇಳಿ. ಒಂದೇ ಡಿಸ್ಕ್ ಪಾರ್ಟಿಶನ್ ಒಳಗೆ ಹೆಸರು ಬದಲಿಸುವುದು ಒಂದೇ ಏಟಿಗೆ ಆಗುವ ಕೆಲಸ: ಫೈಲ್ ಇಲ್ಲ, ಅಥವಾ ಪೂರ್ತಿ ಇದೆ, ನಡುವಿನ ಸ್ಥಿತಿಯೇ ಇಲ್ಲ. ಫೈಲ್ ಕಾಪಿ ಮಾಡುವ ಆರ್‌ಸಿಂಕ್ ಪ್ರೋಗ್ರಾಂ ಮಾಡುವುದೂ ಇದನ್ನೇ, ಚುಕ್ಕಿಯಿಂದ ಶುರುವಾಗುವ ತಾತ್ಕಾಲಿಕ ಹೆಸರಲ್ಲಿ ಬರೆದು ಕೊನೆಗೆ ನಿಜವಾದ ಹೆಸರು ಕೊಡುತ್ತದೆ. ಒಂದು ಎಚ್ಚರಿಕೆ: ಪೆನ್‌ಡ್ರೈವ್‌ನಿಂದ, ಬೇರೆ ಡಿಸ್ಕ್‌ನಿಂದ ಮೂವ್ ಮಾಡಿದರೆ ಅದು ಒಳಗೊಳಗೆ ಕಾಪಿಯೇ, ಅಲ್ಲಿ ಈ ಭರವಸೆ ಇಲ್ಲ.

ಗೊತ್ತಿಲ್ಲದ ಹೆಸರಿನ ಫೈಲ್‌ಗಳೆಲ್ಲ ಎಂಟ್ರಿ ಆಗ್ತಿವೆಯಲ್ಲ, ಅವು ಯಾವುವು?

ವರ್ಡ್, ಎಕ್ಸೆಲ್ ತೆರೆದಾಗ ಹುಟ್ಟುವ, ಟಿಲ್ಡೆ ಡಾಲರ್ ಗುರುತಿನ ಲಾಕ್ ಫೈಲ್‌ಗಳು, ವಿಂಡೋಸ್‌ನ ಥಂಬ್ಸ್ ಡಾಟ್ ಡಿಬಿ, ಮ್ಯಾಕ್‌ನ ಡಿಎಸ್ ಸ್ಟೋರ್, ಬ್ರೌಸರ್‌ನ ಅರ್ಧ ಡೌನ್‌ಲೋಡ್‌ಗಳು. ಯಾವುದನ್ನು ಬಿಡಬೇಕು ಅಂತ ಪಟ್ಟಿ ಮಾಡಲು ಹೋದರೆ ಮುಗಿಯಲ್ಲ. ಯಾವುದು ಬೇಕು ಅಂತ ಪಟ್ಟಿ ಮಾಡಿ: ಪಿಡಿಎಫ್, ಜೆಪೆಗ್, ಸಿಎಸ್‌ವಿ, ಅಷ್ಟೇ.

ಒಂದೇ ಫೈಲ್‌ಗೆ ಎರಡು ಮೂರು ಎಂಟ್ರಿ ಬರ್ತಿದೆ. ಯಾಕೆ?

ಒಂದು ಸೇವ್ ಮಾಡಿದರೆ ಆಪರೇಟಿಂಗ್ ಸಿಸ್ಟಂ ಒಂದೇ ಸುದ್ದಿ ಕೊಡುತ್ತದೆ ಅಂತ ಇಲ್ಲ. ಹುಟ್ಟಿತು, ಬದಲಾಯಿತು, ಮತ್ತೆ ಬದಲಾಯಿತು ಅಂತ ಸಾಲಾಗಿ ಬರುತ್ತವೆ. ಪ್ರೋಗ್ರಾಂ ಒಳಗೆ ‘ಇದನ್ನು ಈಗಷ್ಟೇ ನೋಡಿದೆ’ ಅಂತ ನೆನಪಿಟ್ಟುಕೊಂಡು ತಪ್ಪಿಸಲು ಹೊರಟರೆ, ಪ್ರೋಗ್ರಾಂ ಮತ್ತೆ ಶುರುವಾದಾಗ ಆ ನೆನಪೂ ಹೋಗುತ್ತದೆ.

ತಡೆ ಇರಬೇಕಾದ್ದು ಡೇಟಾಬೇಸ್‌ನಲ್ಲಿ. ಫೈಲ್ ಇರುವ ಜಾಗದ ಕಾಲಂಗೆ ಯುನೀಕ್ ಕಟ್ಟು ಹಾಕಿ, ಅಂದರೆ ಅದೇ ಜಾಗವನ್ನು ಎರಡನೇ ಸಲ ಬರೆಯಲು ಬಿಡದ ನಿಯಮ. ಆಮೇಲೆ ಸಾಲು ಸೇರಿಸುವಾಗ ‘ಆಗಲೇ ಇದ್ದರೆ ಸುಮ್ಮನಿರು’ ಅಂತ ಹೇಳಿ. ಪೋಸ್ಟ್‌ಗ್ರೆಸ್‌ನಲ್ಲಿ 9.5 ಆವೃತ್ತಿಯಿಂದ, ಎಸ್‌ಕ್ಯೂಲೈಟ್‌ನಲ್ಲಿ 3.24ರಿಂದ ಇದಕ್ಕೆ ಆನ್ ಕಾನ್‌ಫ್ಲಿಕ್ಟ್ ಇದೆ. ಮೈಎಸ್‌ಕ್ಯೂಎಲ್‌ನಲ್ಲಿ ಆನ್ ಡುಪ್ಲಿಕೇಟ್ ಕೀ ಅಪ್‌ಡೇಟ್. ಇಷ್ಟು ಮಾಡಿದರೆ ಸುದ್ದಿ ಹತ್ತು ಸಲ ಬಂದರೂ ಸಾಲು ಒಂದೇ.

ಬೇರೆ ಹೆಸರಲ್ಲಿ ಅದೇ ಫೈಲನ್ನು ಮತ್ತೆ ಕಳಿಸುವವರೂ ಇರುತ್ತಾರೆ. ಅದನ್ನು ಹಿಡಿಯಲು ಫೈಲಿನ ಒಳಗಿರುವುದನ್ನೆಲ್ಲ ಓದಿ ಎಸ್‌ಎಚ್‌ಎ-256 ಲೆಕ್ಕ ಹಾಕಿ, ಬರುವ 64 ಅಕ್ಷರದ ಗುರುತನ್ನು ಒಂದು ಕಾಲಂನಲ್ಲಿ ಇಡಿ. ಒಂದು ಬೈಟ್ ಬದಲಾದರೂ ಗುರುತು ಬೇರೆಯಾಗುತ್ತದೆ. ಈ ಕಾಲಂಗೆ ಮಾತ್ರ ಯುನೀಕ್ ಹಾಕುವ ಮುಂಚೆ ಯೋಚಿಸಿ. ಒಂದೇ ಬಿಲ್ಲನ್ನು ಎರಡು ಫೋಲ್ಡರ್‌ನಲ್ಲಿ ಬೇಕು ಅಂತಲೇ ಇಡುವ ಆಫೀಸುಗಳಿವೆ.

ಟೇಬಲ್‌ನಲ್ಲಿ ಯಾವ್ಯಾವ ಕಾಲಂ ಇಡ್ಲಿ?

ಇರುವ ಜಾಗ, ಹೆಸರು, ಸೈಜು, ಗುರುತು, ಫೈಲ್ ಕೊನೆಗೆ ಬದಲಾದ ಸಮಯ, ನಾವು ಎಂಟ್ರಿ ಮಾಡಿದ ಸಮಯ. ಇವುಗಳ ಜೊತೆಗೆ ಸ್ಥಿತಿ ಅಂತ ಒಂದು, ತಪ್ಪಾದರೆ ಏನಾಯಿತು ಅಂತ ಬರೆಯಲು ಇನ್ನೊಂದು. ಈ ಕೊನೆಯ ಎರಡನ್ನು ಜನ ಬಿಟ್ಟುಬಿಡುತ್ತಾರೆ, ಆರು ತಿಂಗಳಾದಮೇಲೆ ಹುಡುಕುವುದೂ ಅವನ್ನೇ. ಜಾಗ ಬರೆಯುವಾಗ ಡ್ರೈವ್ ಅಕ್ಷರ ಸೇರಿಸಬೇಡಿ. ಮೂಲ ಫೋಲ್ಡರ್‌ನಿಂದ ಈಚೆಗಿನ ದಾರಿ ಮಾತ್ರ ಬರೆಯಿರಿ. ನಾಳೆ ಎಸ್‌ಪಿ ರೋಡಿನಿಂದ ದೊಡ್ಡ ಡಿಸ್ಕ್ ತಂದು ಎಲ್ಲ ಅಲ್ಲಿಗೆ ಸಾಗಿಸಿದರೆ ಒಂದು ಸೆಟ್ಟಿಂಗ್ ಬದಲಿಸಿದರೆ ಸಾಕಾಗುತ್ತದೆ.

ಫೈಲ್ ಹೆಸರಿನಿಂದಲೇ ಪಾರ್ಟಿ ಹೆಸರು, ಬಿಲ್ ನಂಬರ್ ತೆಗೀಬಹುದಾ?

ತೆಗೆಯಬಹುದು, ಹೆಸರಿಡುವ ಪದ್ಧತಿ ಎಲ್ಲರೂ ಪಾಲಿಸಿದರೆ. ಪಾಲಿಸುವುದಿಲ್ಲ ಅಂತಲೇ ತಿಳಿದು ಕಟ್ಟಿ. ಅಡ್ಡಗೆರೆ ಇರಬೇಕಾದ ಕಡೆ ಖಾಲಿ ಜಾಗ, ತಾರೀಖು ಹಿಂದು ಮುಂದು, ‘ಫೈನಲ್’, ‘ಫೈನಲ್ 2’ ಎಲ್ಲ ಬರುತ್ತವೆ. ಹೊಂದದ ಹೆಸರನ್ನು ಊಹೆ ಮಾಡಿ ತುಂಬಿಸಬೇಡಿ. ಎಂಟ್ರಿ ಮಾಡಿ, ಸ್ಥಿತಿಯಲ್ಲಿ ‘ನೋಡಬೇಕು’ ಅಂತ ಬರೆದು, ದಿನಕ್ಕೊಮ್ಮೆ ಆ ಪಟ್ಟಿಯನ್ನು ಆಫೀಸಿನವರಿಗೆ ಕಳಿಸಿ. ತಪ್ಪು ಪಾರ್ಟಿ ಹೆಸರಿಗೆ ಸೇರಿದ ಬಿಲ್ಲು, ಸೇರದೇ ಉಳಿದ ಬಿಲ್ಲಿಗಿಂತ ಜಾಸ್ತಿ ಕಾಡುತ್ತದೆ.

ಕನ್ನಡದಲ್ಲಿ ಫೈಲ್ ಹೆಸರಿಟ್ರೆ ತೊಂದರೆಯಾ? ಇಂಗ್ಲಿಷಿನಲ್ಲೇ ಇಡಿ ಅಂತಾರೆ ಎಲ್ರೂ.

ಇಡಿ, ಧಾರಾಳವಾಗಿ ಇಡಿ. ನಮ್ಮ ಜನ ನಮ್ಮ ಅಕ್ಷರದಲ್ಲಿ ಹೆಸರಿಡುವುದನ್ನು ತಡೆಯುವ ಕಾರಣ ಏನೂ ಇಲ್ಲ. ಮೂರು ವಿಷಯ ಗೊತ್ತಿದ್ದರೆ ಸಾಕು.

ಮೊದಲನೆಯದು ಉದ್ದ. ‘ಕೃಷ್ಣಮೂರ್ತಿ’ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯುನಿಕೋಡ್‌ನಲ್ಲಿ ಒತ್ತು, ಗುಣಿತ, ಹಲಂತ ಎಲ್ಲ ಸೇರಿ 11 ಸಂಕೇತ. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್, ಅಂದರೆ ಒಟ್ಟು 33. ಲಿನಕ್ಸ್ ಡಿಸ್ಕ್‌ನಲ್ಲಿ ಫೈಲ್ ಇಡುವ ಇಎಕ್ಸ್‌ಟಿ4 ವ್ಯವಸ್ಥೆಯಲ್ಲಿ ಫೈಲ್ ಹೆಸರಿಗೆ 255 ಬೈಟ್ ಮಿತಿ, ಅಂದರೆ 85 ಕನ್ನಡ ಸಂಕೇತ. ವಿಂಡೋಸ್‌ನ ಎನ್‌ಟಿಎಫ್‌ಎಸ್‌ನಲ್ಲಿ 255 ಸಂಕೇತದವರೆಗೂ ಹೋಗಬಹುದು. ಹಾಗಾಗಿ ವಿಂಡೋಸ್‌ನಲ್ಲಿ ಆರಾಮಾಗಿ ಇದ್ದ ‘ಗ್ರಾಮ ಪಂಚಾಯಿತಿ ಸಾಮಾನ್ಯ ಸಭೆಯ ನಡಾವಳಿ…’ ಅನ್ನುವಂಥ ಉದ್ದ ಹೆಸರು ಲಿನಕ್ಸ್ ಸರ್ವರಿಗೆ ಕಾಪಿಯೇ ಆಗುವುದಿಲ್ಲ.

ಎರಡನೆಯದು ಕಣ್ಣಿಗೆ ಕಾಣದ್ದು. ‘ಗೋಪಾಲ’ದಲ್ಲಿರುವ ಓ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಮೂರು ತುಂಡು ಮಾಡಿಯೂ ಬರೆಯಬಹುದು. ಪರದೆ ಮೇಲೆ ಎರಡೂ ಒಂದೇ. ಡೇಟಾಬೇಸ್‌ಗೆ ಬೇರೆ ಬೇರೆ. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ತುಂಡು ಮಾಡಿಯೇ ಇಡುತ್ತಿತ್ತು. ಹುಡುಕುವುದಕ್ಕೆ ಅಂತ ಇಡುವ ಹೆಸರಿನ ಕಾಲಂಗೆ ಹಾಕುವ ಮುಂಚೆ ಅದನ್ನು ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳೆಲ್ಲ ಒಂದೇ ಸಂಕೇತವಾಗಿ ಸೇರಿದ ರೂಪ) ತನ್ನಿ, ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಫೈಲ್ ತೆರೆಯಲು ಬೇಕಾದ ಜಾಗದ ಕಾಲಂ ಮಾತ್ರ ಡಿಸ್ಕ್‌ನಲ್ಲಿ ಇದ್ದ ಹಾಗೆಯೇ ಇರಲಿ.

ಮೂರನೆಯದು ನುಡಿ, ಬರಹದ ಹಳೆಯ ಫಾಂಟ್‌ಗಳು. ಫೈಲ್ ಒಳಗಿನ ಪಠ್ಯವನ್ನೂ ಎತ್ತಿ ಟೇಬಲ್‌ಗೆ ಹಾಕುತ್ತೀರಿ ಅಂದರೆ, ಯುನಿಕೋಡ್‌ಗೆ ಮುಂಚಿನ ಎನ್ಕೋಡಿಂಗ್‌ನಲ್ಲಿ ಟೈಪ್ ಮಾಡಿದ ಕಾಗದಗಳು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಬರುತ್ತವೆ. ಮೊದಲು ಕನ್ವರ್ಟರ್‌ನಲ್ಲಿ ಯುನಿಕೋಡ್‌ಗೆ ತಿರುಗಿಸಿ, ಆಮೇಲೆ ಹಾಕಿ.

## ಓಡುತ್ತಿರುವಾಗ

ಕರೆಂಟ್ ಹೋಗಿ ಬಂದ ಮೇಲೆ ನೋಡಿದ್ರೆ ಆ ಹೊತ್ತಿನ ಫೈಲ್‌ಗಳು ಎಂಟ್ರಿಯೇ ಆಗಿಲ್ಲ. ಏನ್ ತಪ್ಪು?

ಪ್ರೋಗ್ರಾಂ ನಿಂತಿದ್ದಾಗ ಬಂದ ಸುದ್ದಿಯನ್ನು ಇನೋಟಿಫೈಯಾಗಲಿ, ವಿಂಡೋಸ್‌ನ ಫೈಲ್‌ಸಿಸ್ಟಂವಾಚರ್ ಆಗಲಿ ಎತ್ತಿಟ್ಟುಕೊಂಡು ಆಮೇಲೆ ಕೊಡುವುದಿಲ್ಲ. ನೀವು ಕೇಳದಿದ್ದಾಗ ಹೇಳಿದ್ದು ಹೋಯಿತು.

ಅದಕ್ಕೇ ಪ್ರೋಗ್ರಾಂ ಎದ್ದ ಕೂಡಲೆ ಒಂದು ಪೂರ್ತಿ ಸುತ್ತು ಹಾಕಬೇಕು. ಫೋಲ್ಡರ್‌ನಲ್ಲಿರುವ ಎಲ್ಲ ಫೈಲ್‌ಗಳ ಪಟ್ಟಿ ತೆಗೆ, ಟೇಬಲ್‌ನಲ್ಲಿರುವ ಪಟ್ಟಿಯ ಜೊತೆ ತಾಳೆ ನೋಡು, ಇಲ್ಲಿದ್ದು ಅಲ್ಲಿಲ್ಲದ್ದನ್ನು ಸೇರಿಸು. ಅಂಗಡಿಯಲ್ಲಿ ಸಂಜೆ ಗಲ್ಲಾ ಪೆಟ್ಟಿಗೆ ಎಣಿಸಿ ಪುಸ್ತಕದ ಜೊತೆ ತಾಳೆ ನೋಡುತ್ತಾರಲ್ಲ, ಹಾಗೆ. ಕಾಯುವುದನ್ನು ಮೊದಲು ಶುರು ಮಾಡಿ, ಆಮೇಲೆ ಸುತ್ತು ಹಾಕಿ. ತಿರುವು ಮುರುವು ಮಾಡಿದರೆ ಸುತ್ತು ಮುಗಿದು ಕಾಯುವುದು ಶುರುವಾಗುವ ನಡುವೆ ಬಂದದ್ದು ತಪ್ಪಿಹೋಗುತ್ತದೆ. ಎರಡರಲ್ಲೂ ಒಂದೇ ಫೈಲ್ ಸಿಕ್ಕರೆ ಚಿಂತೆಯಿಲ್ಲ, ಯುನೀಕ್ ಕಟ್ಟು ನೋಡಿಕೊಳ್ಳುತ್ತದೆ.

ಇದೇ ಸುತ್ತನ್ನು ರಾತ್ರಿ ಎರಡು ಗಂಟೆಗೂ ಒಂದು ಸಲ ಇಡಿ. ನಾನು ಈ ತಾಳೆ ಇಲ್ಲದೆ ಈಗ ಯಾರಿಗೂ ಮಾಡಿಕೊಡುವುದಿಲ್ಲ. ಕಾಯುವ ಭಾಗ ಬೇಕಾದರೆ ಬಿಡಬಹುದು, ತಾಳೆ ಬಿಡುವ ಹಾಗಿಲ್ಲ.

ಫೋಲ್ಡರ್ ನ್ಯಾಸ್‌ನಲ್ಲಿದೆ, ಪ್ರೋಗ್ರಾಂ ನನ್ನ ಲಿನಕ್ಸ್ ಮಷೀನಲ್ಲಿದೆ. ಏನೂ ಆಗ್ತಾನೇ ಇಲ್ಲ.

ಆಗುವುದಿಲ್ಲ. ನ್ಯಾಸ್ ಅಂದರೆ ನೆಟ್‌ವರ್ಕ್‌ಗೆ ಹಚ್ಚಿದ, ಎಲ್ಲ ಕಂಪ್ಯೂಟರ್‌ಗಳೂ ಹಂಚಿಕೊಳ್ಳುವ ಡಿಸ್ಕ್ ಪೆಟ್ಟಿಗೆ. ಇನೋಟಿಫೈ ಹೇಳುವುದು ಇದೇ ಮಷೀನಿನ ಮೂಲಕ ಆದ ಬದಲಾವಣೆಯನ್ನು ಮಾತ್ರ. ಬೇರೆ ಕಂಪ್ಯೂಟರಿನವರು ನ್ಯಾಸ್‌ಗೆ ಹಾಕಿದ ಫೈಲು ನಿಮ್ಮ ಕರ್ನಲ್ ಕಣ್ಣಿಗೆ ಬಿದ್ದೇ ಇಲ್ಲ. ಪ್ರೋಗ್ರಾಮನ್ನು ನ್ಯಾಸ್ ಮೇಲೆಯೇ ಓಡಿಸಿ, ಆಗದಿದ್ದರೆ ನಿಮಿಷಕ್ಕೊಮ್ಮೆ ಪಟ್ಟಿ ನೋಡುವ ದಾರಿ ಹಿಡಿಯಿರಿ. ವಾಚ್‌ಡಾಗ್‌ನಲ್ಲಿ ಇದಕ್ಕೆ ಪೋಲಿಂಗ್ ಅಬ್ಸರ್ವರ್ ಇದೆ. ವಿಂಡೋಸ್‌ನಲ್ಲಿ ನೆಟ್‌ವರ್ಕ್ ಶೇರ್‌ಗೂ ಸುದ್ದಿ ಬರುತ್ತದೆ, ಆದರೆ ಸಂಪರ್ಕ ಒಮ್ಮೆ ಕಡಿದರೆ ಮತ್ತೆ ಹಚ್ಚುವುದು ನಿಮ್ಮ ಜವಾಬ್ದಾರಿ.

ಜೊತೆಗೆ, ಎಸ್‌ಕ್ಯೂಲೈಟ್ ಫೈಲನ್ನು ನ್ಯಾಸ್ ಮೇಲೆ ಇಟ್ಟು ನಾಲ್ಕು ಕಂಪ್ಯೂಟರಿನಿಂದ ಬರೆಯಬೇಡಿ. ನೆಟ್‌ವರ್ಕ್ ಮೇಲೆ ಲಾಕ್ ನೆಟ್ಟಗೆ ಕೆಲಸ ಮಾಡದೆ ಡೇಟಾಬೇಸ್ ಕೆಡುತ್ತದೆ.

ಒಂದೇ ಸಲ ಸಾವಿರಾರು ಫೋಟೊ ಸುರಿದಾಗ ಕೆಲವು ಬಿಟ್ಟುಹೋಗ್ತವೆ.

ಮದುವೆ ಸೀಸನ್ನಿನಲ್ಲಿ ಸ್ಟುಡಿಯೋದವರು ಇದನ್ನೇ ಕೇಳುತ್ತಾರೆ. ಸುದ್ದಿಗಳು ಕಾಯುವ ಸಾಲಿಗೆ ಒಂದು ಅಳತೆ ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 16,384 ಸುದ್ದಿ. ಡಾಟ್‌ನೆಟ್‌ನ ಫೈಲ್‌ಸಿಸ್ಟಂವಾಚರ್‌ನಲ್ಲಿ ಸುಮ್ಮನೆ ಬಿಟ್ಟರೆ 8 ಕೆಬಿ, ಹೆಚ್ಚಿಸಿದರೆ 64 ಕೆಬಿವರೆಗೆ. ನೀವು ಎತ್ತಿಕೊಳ್ಳುವುದು ನಿಧಾನವಾದರೆ ಸಾಲು ತುಂಬಿ ಚೆಲ್ಲುತ್ತದೆ. ಚೆಲ್ಲಿದಾಗ ಅದಕ್ಕೆಂದೇ ಒಂದು ಸುದ್ದಿ ಬರುತ್ತದೆ, ಅದು ಬಂದರೆ ತಕ್ಷಣ ಪೂರ್ತಿ ಸುತ್ತು ಹಾಕುವ ಹಾಗೆ ಬರೆಯಿರಿ.

ಸುದ್ದಿ ಕೇಳುವ ಭಾಗಕ್ಕೆ ಬೇರೆ ಕೆಲಸ ಕೊಡಬೇಡಿ. ಹೆಸರನ್ನು ಪಟ್ಟಿಗೆ ಹಾಕಿ ಮುಂದಿನದಕ್ಕೆ ಹೋಗಲಿ. ಗುರುತು ಲೆಕ್ಕ ಹಾಕುವುದು, ಫೋಟೊ ತೆಗೆದ ತಾರೀಖು ಓದುವುದು, ಡೇಟಾಬೇಸ್‌ಗೆ ಬರೆಯುವುದು ಇನ್ನೊಂದು ಕಡೆ ನಡೆಯಲಿ. ಒಂದೊಂದೇ ಸಾಲಿಗೆ ಕಮಿಟ್ ಮಾಡುವ (ಬರೆದದ್ದನ್ನು ಖಾಯಂ ಮಾಡುವ) ಬದಲು ಐನೂರಕ್ಕೊಮ್ಮೆ ಕಮಿಟ್ ಮಾಡಿದರೆ ವೇಗ ಎಷ್ಟು ಹೆಚ್ಚುತ್ತದೆ ಅನ್ನುವುದನ್ನು ಕಣ್ಣಾರೆ ನೋಡಿ.

ಒಳ ಫೋಲ್ಡರ್‌ಗಳ ವಿಷಯವೂ ಇದೆ. ಇನೋಟಿಫೈ ಒಳ ಫೋಲ್ಡರ್‌ಗಳನ್ನು ತಾನಾಗಿ ಕಾಯುವುದಿಲ್ಲ, ಒಂದೊಂದಕ್ಕೂ ಬೇರೆ ಕಾವಲು ಹಾಕಬೇಕು. ಹೊಸ ಫೋಲ್ಡರ್ ಹುಟ್ಟಿ, ನೀವು ಕಾವಲು ಹಾಕುವಷ್ಟರಲ್ಲಿ ಒಳಗೆ ನಾಲ್ಕು ಫೋಟೊ ಬಿದ್ದಿರುತ್ತವೆ. ಕಾವಲು ಹಾಕಿದ ಮೇಲೆ ಆ ಫೋಲ್ಡರ್ ಒಳಗೆ ಒಮ್ಮೆ ಇಣುಕಿ ನೋಡಿ.

ಟೇಬಲ್‌ನಲ್ಲಿ ಸಮಯ ಐದೂವರೆ ಗಂಟೆ ಹಿಂದೆ ತೋರಿಸ್ತಿದೆ.

ಅದು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ. ತಪ್ಪಲ್ಲ, ಹಾಗೇ ಇಡುವುದು ಒಳ್ಳೆಯದು. ತೋರಿಸುವಾಗ ಮಾತ್ರ 5:30 ಸೇರಿಸಿ. ‘ಇವತ್ತು ಎಷ್ಟು ಬಂತು’ ಅಂತ ಎಣಿಸುವಾಗ ಮೊದಲು ನಮ್ಮ ಸಮಯಕ್ಕೆ ತಿರುಗಿಸಿ ಆಮೇಲೆ ಎಣಿಸಿ, ಇಲ್ಲದಿದ್ದರೆ ಬೆಳಗಿನ ಜಾವ ಐದೂವರೆಗೆ ಮುಂಚೆ ರಾತ್ರಿ ಪಾಳಿಯವರು ಹಾಕಿದ್ದೆಲ್ಲ ನಿನ್ನೆ ಲೆಕ್ಕಕ್ಕೆ ಹೋಗುತ್ತದೆ. ಫೋಟೊ ಒಳಗೆ ಕ್ಯಾಮೆರಾ ಬರೆಯುವ ಸಮಯದಲ್ಲಿ ಎಷ್ಟೋ ಸಲ ಯಾವ ದೇಶದ ಗಡಿಯಾರ ಅನ್ನುವುದೇ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಬಂದ ಫೋಟೊದಲ್ಲಂತೂ ಆ ವಿವರವೇ ಕಳಚಿಹೋಗಿರುತ್ತದೆ. ವಿಂಡೋಸ್‌ನಲ್ಲಿ ಕಾಪಿ ಮಾಡಿದ ಫೈಲಿಗೆ ಹುಟ್ಟಿದ ಸಮಯ ಹೊಸದು, ಬದಲಾದ ಸಮಯ ಹಳೆಯದು ಆಗಿರುತ್ತದೆ. ನೋಡಿ ಗಾಬರಿಯಾಗಬೇಡಿ.

ಫೈಲ್ ಅಳಿಸಿದ್ರೆ ಎಂಟ್ರಿನೂ ಅಳಿಸ್ಬೇಕಾ?

ಬೇಡ. ‘ಈಗ ಇಲ್ಲ’ ಅಂತ ಸ್ಥಿತಿ ಬದಲಿಸಿ, ತಾರೀಖು ಬರೆಯಿರಿ. ಒಂದು ದಿನ ನೆಟ್‌ವರ್ಕ್ ಕೇಬಲ್ ಬಿಚ್ಚಿಕೊಂಡು ಫೋಲ್ಡರ್ ಖಾಲಿ ಕಾಣಿಸಿದರೆ, ಅಳಿಸುವ ಪ್ರೋಗ್ರಾಂ ಇಡೀ ಟೇಬಲನ್ನೇ ಗುಡಿಸಿ ಹಾಕುತ್ತದೆ. ಹೆಸರು ಬದಲಾದ ಫೈಲನ್ನು ಅದೇ ಎಸ್‌ಎಚ್‌ಎ ಗುರುತಿನಿಂದ ಹಿಡಿದು, ಹಳೆಯ ಸಾಲಿಗೇ ಹೊಸ ಜಾಗ ಬರೆಯಬಹುದು.

## ಇನ್ನೂ ಮುಂದಕ್ಕೆ

ಎಂಟ್ರಿ ಆದ ಮೇಲೆ ಫೈಲನ್ನ ಬೇರೆ ಫೋಲ್ಡರ್‌ಗೆ ಹಾಕ್ತೀವಿ. ಮೊದಲು ಎಂಟ್ರಿನಾ, ಮೊದಲು ಮೂವಾ?

ಡೇಟಾಬೇಸ್ ಮತ್ತು ಫೋಲ್ಡರ್ ಎರಡನ್ನೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿ (ಆದರೆ ಎರಡೂ ಆಗಬೇಕು, ಇಲ್ಲದಿದ್ದರೆ ಎರಡೂ ಆಗಬಾರದು ಅನ್ನುವ ಹಾಗೆ) ಕಟ್ಟಲು ಆಗುವುದಿಲ್ಲ. ಹಾಗಾಗಿ ನಡುವೆ ಕರೆಂಟ್ ಹೋದರೆ ಯಾವ ಗೊಂದಲವನ್ನು ಸರಿಮಾಡುವುದು ಸುಲಭ ಅಂತ ಆರಿಸಿಕೊಳ್ಳಬೇಕು. ನಾನು ಮೊದಲು ‘ಬಂದಿದೆ’ ಅಂತ ಎಂಟ್ರಿ ಮಾಡುತ್ತೇನೆ, ಆಮೇಲೆ ಮೂವ್, ಕೊನೆಗೆ ಸ್ಥಿತಿಯನ್ನು ‘ಮುಗಿದಿದೆ’ ಅಂತ ಬದಲಿಸಿ ಹೊಸ ಜಾಗ ಬರೆಯುತ್ತೇನೆ. ಎಲ್ಲಿ ನಿಂತರೂ ‘ಬಂದಿದೆ’ಯಲ್ಲೇ ಉಳಿದ ಸಾಲುಗಳನ್ನು ತೆಗೆದು, ಫೈಲ್ ಎರಡು ಫೋಲ್ಡರ್‌ಗಳಲ್ಲಿ ಎಲ್ಲಿದೆ ಅಂತ ನೋಡಿ ಮುಂದುವರಿಸಬಹುದು.

ಕೆಲಸ ಜಾಸ್ತಿ ಆಯ್ತು, ಎರಡು ಮಷೀನಲ್ಲಿ ಓಡಿಸ್ಬಹುದಾ?

ಓಡಿಸಬಹುದು, ಒಂದೇ ಫೈಲನ್ನು ಇಬ್ಬರೂ ಹಿಡಿಯದ ಹಾಗೆ ನೋಡಿಕೊಳ್ಳಿ. ಫೋಲ್ಡರ್ ಕಾಯುವುದು ಒಂದೇ ಮಷೀನ್ ಇರಲಿ, ಅದು ಸಾಲು ಮಾತ್ರ ಸೇರಿಸಲಿ. ಭಾರದ ಕೆಲಸ ಮಾಡುವವರು ಪೋಸ್ಟ್‌ಗ್ರೆಸ್‌ನ ಸ್ಕಿಪ್ ಲಾಕ್ಡ್ ಬಳಸಿ, ಬೇರೆಯವರು ಹಿಡಿದಿರುವ ಸಾಲು ಬಿಟ್ಟು ಮುಂದಿನದನ್ನು ಎತ್ತಿಕೊಳ್ಳಲಿ. ಇದೂ 9.5ರಿಂದ ಇದೆ.

ಫೈಲ್‌ಗಳು ಅಮೆಜಾನ್ ಎಸ್3ಗೆ ಬೀಳ್ತವೆ. ಅಲ್ಲೂ ಇದೇ ಕಥೆನಾ?

ಎಸ್3 ಅಂದರೆ ಇಂಟರ್ನೆಟ್‌ನಲ್ಲಿರುವ ಅಮೆಜಾನ್‌ನವರ ಫೈಲ್ ಗೋದಾಮು. ಅರ್ಧ ಫೈಲಿನ ಕಾಟ ಅಲ್ಲಿಲ್ಲ, ಪೂರ್ತಿ ಬಂದಮೇಲೇ ಎಸ್3 ಅದನ್ನು ಕಾಣಿಸುತ್ತದೆ. ಉಳಿದದ್ದು ಅದೇ. ಸುದ್ದಿ ಕನಿಷ್ಠ ಒಂದು ಸಲ ಬರುತ್ತದೆ ಅಂತ ಮಾತು ಕೊಡುತ್ತಾರೆ, ಎರಡು ಸಲ ಬರಲೂಬಹುದು, ಒಂದು ನಿಮಿಷ ತಡವಾಗಲೂಬಹುದು. ಯುನೀಕ್ ಕಟ್ಟು ಅಲ್ಲೂ ಬೇಕು. ಸುದ್ದಿಯಲ್ಲಿ ಫೈಲ್ ಹೆಸರು ಯುಆರ್‌ಎಲ್ ರೂಪದಲ್ಲಿ ಬರುತ್ತದೆ, ಖಾಲಿ ಜಾಗ ಇದ್ದ ಕಡೆ ಪ್ಲಸ್ ಗುರುತು, ಕನ್ನಡ ಅಕ್ಷರ ಇದ್ದ ಕಡೆ ಬರೀ ಶೇಕಡಾ ಗುರುತುಗಳು. ಬಿಡಿಸಿಕೊಳ್ಳದೆ ಹುಡುಕಿದರೆ ಫೈಲ್ ಸಿಗಲ್ಲ. ಇನ್ನೊಂದು ದೊಡ್ಡ ಅಪಾಯ: ಲ್ಯಾಂಬ್ಡಾದಿಂದ (ಸುದ್ದಿ ಬಂದಾಗ ಅಮೆಜಾನ್ ಓಡಿಸುವ ನಿಮ್ಮ ಕೋಡ್) ತಯಾರಾದ ಥಂಬ್‌ನೇಲನ್ನು ಅದೇ ಬಕೆಟ್‌ನ (ಎಸ್3ಯಲ್ಲಿ ಫೈಲ್ ಇಡುವ ಡಬ್ಬಿ) ಅದೇ ಜಾಗಕ್ಕೆ ಬರೆದರೆ, ಅದಕ್ಕೂ ಸುದ್ದಿ ಹುಟ್ಟಿ, ಅದರಿಂದ ಇನ್ನೊಂದು ಹುಟ್ಟಿ ಬಿಲ್ಲು ಏರುತ್ತಾ ಹೋಗಬಹುದು. ಬರೆಯಲು ಬೇರೆ ಬಕೆಟ್ ಇಡಿ.

ಬರೋ ಫೈಲ್‌ಗಳಲ್ಲಿ ಆಧಾರ್, ಪ್ಯಾನ್ ಕಾಪಿ ಎಲ್ಲ ಇರುತ್ತೆ. ಏನಾದ್ರೂ ಎಚ್ಚರಿಕೆ?

ತುಂಬಾ ಎಚ್ಚರಿಕೆ ಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂದಿದೆ, ಕಾನೂನು ಇರಲಿ ಬಿಡಲಿ ಅದು ಇನ್ನೊಬ್ಬರು ನಂಬಿ ಕೊಟ್ಟ ಕಾಗದ. ಆಧಾರ್ ನಂಬರನ್ನು ಫೈಲ್ ಹೆಸರಿನಲ್ಲಿ ಇಡಬೇಡಿ, ಲಾಗ್‌ನಲ್ಲಿ ಬರೆಯಬೇಡಿ, ಕೆಲಸಕ್ಕೆ ಬೇಡದಿದ್ದರೆ ಟೇಬಲ್‌ಗೂ ಹಾಕಬೇಡಿ. ಗ್ರಾಹಕರಿಂದ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೇಳಿ. ಪ್ರೋಗ್ರಾಂಗೆ ಕೊಡುವ ಡೇಟಾಬೇಸ್ ಖಾತೆಗೆ ಸೇರಿಸುವ, ಓದುವ, ತಿದ್ದುವ ಹಕ್ಕು ಸಾಕು, ಟೇಬಲ್ ಕಿತ್ತುಹಾಕುವ ಹಕ್ಕು ಯಾಕೆ?

ಪ್ರೋಗ್ರಾಂ ನಿಂತುಹೋಗಿದ್ರೆ ನಮಗೆ ಗೊತ್ತಾಗೋದು ಹೇಗೆ?

ಮೊದಲನೆಯದಾಗಿ, ಕಪ್ಪು ವಿಂಡೋ ತೆರೆದಿಟ್ಟು ಓಡಿಸಬೇಡಿ. ಸಂಜೆ ಕಸ ಗುಡಿಸಲು ಬಂದವರು ಪ್ಲಗ್ ತೆಗೆದರೆ, ಯಾರಾದರೂ ಲಾಗ್ಔಟ್ ಆದರೆ ಮುಗಿಯಿತು. ಲಿನಕ್ಸ್‌ನಲ್ಲಿ ಸಿಸ್ಟಂಡಿ ಸರ್ವಿಸ್ (ಯಾರೂ ಲಾಗಿನ್ ಆಗದಿದ್ದರೂ ಹಿನ್ನೆಲೆಯಲ್ಲಿ ಓಡುವ ಪ್ರೋಗ್ರಾಂ) ಮಾಡಿ, ಬಿದ್ದರೆ ತಾನೇ ಏಳುವ ಹಾಗೆ ಇಡಿ. ವಿಂಡೋಸ್‌ನಲ್ಲೂ ಸರ್ವಿಸ್ ಆಗಿಯೇ ಹಾಕಿ.

ಅಷ್ಟಾದರೂ, ಓಡುತ್ತಿದ್ದು ಕೆಲಸ ಮಾಡದಿರುವ ಸ್ಥಿತಿ ಒಂದಿದೆ. ಅದಕ್ಕೆ ಹೀಗೆ ಮಾಡುತ್ತೇನೆ: ಪ್ರತಿ ಗಂಟೆಗೆ ಒಂದು ಸಣ್ಣ ಪರೀಕ್ಷಾ ಫೈಲನ್ನು ಬೇರೊಂದು ಸ್ಕ್ರಿಪ್ಟ್ ಆ ಫೋಲ್ಡರ್‌ಗೆ ಹಾಕುತ್ತದೆ, ಐದು ನಿಮಿಷ ಬಿಟ್ಟು ಟೇಬಲ್‌ನಲ್ಲಿ ಅದರ ಸಾಲು ಇದೆಯಾ ಅಂತ ನೋಡುತ್ತದೆ, ಇಲ್ಲದಿದ್ದರೆ ಮೆಸೇಜ್ ಕಳಿಸುತ್ತದೆ. ಒಂದು ಲ್ಯಾಬಿನಲ್ಲಿ ಡಿಸ್ಕ್ ತುಂಬಿ ಬರೆಯಲು ಆಗದೆ ನಿಂತಿದ್ದು ಬೆಳಗ್ಗೆ ಏಳಕ್ಕೆ ನನ್ನ ಫೋನಿಗೆ ಬಂದದ್ದು ಹೀಗೆಯೇ. ರಿಪೋರ್ಟ್ ಕೇಳಿಕೊಂಡು ಜನ ಕೌಂಟರಿಗೆ ಬರುವ ಹೊತ್ತಿಗೆ ಹಳೆಯ ಲಾಗ್‌ಗಳನ್ನು ತೆಗೆದು, ಸುತ್ತು ಹಾಕಿಸಿ, ರಾತ್ರಿಯ ಫೈಲ್‌ಗಳೆಲ್ಲ ಎಂಟ್ರಿ ಆಗಿದ್ದವು.